ನನ್ನ ಬಾಯಿಂದ ಹೊರಟ ಓವರ್ಸಿಯರ್

ನನಗೆ ಮೊಮ್ಮಗಳು ಹುಟ್ಟಿದ್ದಾಳೆ! ನಿನ್ನೆ ಅವಳನ್ನು ತೊಟ್ಟಿಲಿಗೆ ಹಾಕಿದೆವು. ತಲೆತುಂಬ ಕೂದಲು, ಬಿಗಿದ ಮುಷ್ಟಿ, ಓಣಿಯ ಆ ತುದಿಗೆ ಕೇಳುವಂಥ ಬಾಯಿ. ಈ ಬಾಯಿ ಯಾರ ಕಡೆಯಿಂದ ಬಂತು ಎಂಬ ಮಾತು ಎದ್ದಾಗಲೆಲ್ಲ ಮನೆಯವರು ನನ್ನ ಮುಖ ನೋಡುತ್ತಾರೆ. ನೋಡಲಿ. ನಿನ್ನೆಯಿಂದ ನನಗೆ ಯಾರ ಮೇಲೂ ಸಿಟ್ಟು ಬರುತ್ತಿಲ್ಲ. ಹಾಲಿಗೆ ಬಾಯಿ ಹಾಕಿದ ಬೆಕ್ಕಿಗೂ "ಕುಡೀಲಿ ಬಿಡು" ಎಂದೆ.

ಇನ್ನೊಂದು ಸುದ್ದಿ ಇದೆ. ನಿನ್ನೆ ಸಂಜೆ ನನ್ನ ಅಳಿಯ ನಮ್ಮ ಮನೆಯಲ್ಲಿ ಊಟ ಮಾಡಿದ. ಅಳಿಯ ಮಾವನ ಮನೆಯಲ್ಲಿ ಉಣ್ಣುವುದೂ ಒಂದು ಸುದ್ದಿಯೇ ಎಂದು ನೀವು ಕೇಳಬಹುದು. ಹೌದು, ಸುದ್ದಿಯೇ. ಹತ್ತು ತಿಂಗಳಿಂದ ಅವನು ನಮ್ಮ ಮನೆಯ ಒಂದು ತುತ್ತನ್ನೂ ಮುಟ್ಟಿರಲಿಲ್ಲ. ಬರುವಾಗ ತನ್ನ ಬುತ್ತಿ ತಾನೇ ಕಟ್ಟಿಕೊಂಡು ಬರುತ್ತಿದ್ದ. ಅದಕ್ಕೆ ಕಾರಣ ಒಂದು ಇಂಗ್ಲಿಷ್ ಶಬ್ದ. ಆ ಶಬ್ದ ಕೆಡಲು ಕಾರಣ ನಾನು. ಕನ್ನಡ ಸಾಲೆಯ ಮೂರನೇ ಇಯತ್ತೆ ದಾಟದ ಹೆಂಗಸು ಇಂಗ್ಲಿಷ್ ಶಬ್ದವನ್ನು ಕೆಡಿಸಿದಳು ಎಂದರೆ ಯಾರು ನಂಬುತ್ತಾರೆ? ಅದಕ್ಕೇ ಎಲ್ಲವನ್ನೂ ಬರೆದಿಡುತ್ತಿದ್ದೇನೆ. ಮೊಮ್ಮಗಳು ನಾಳೆ ದೊಡ್ಡವಳಾಗಿ ಯಾರ ಬಾಯಿಂದಲೋ ತಪ್ಪಾಗಿ ಕೇಳುವುದು ಬೇಡ.

ನಮ್ಮದು ನವಲಗುಂದ ತಾಲೂಕಿನ ಎರೆಹೊಲದ ಊರು. ಬಾಯಲ್ಲಿ ಎಲೆ‑ಅಡಿಕೆ ಹಾಕಿಕೊಂಡು ಹೊರಟರೆ ಅದು ಅಗಿದು ಮುಗಿಯುವಷ್ಟರಲ್ಲಿ ಯಮನೂರು ಬರುತ್ತದೆ. ನಾಲ್ಕು ವರ್ಷದ ಹಿಂದೆ ನಮ್ಮ ಸೀಮೆಗೆ ಕಾಲುವೆ ಬಂತು. ನೀರು ಬಂದದ್ದು ಆಮೇಲೆ, ಮೊದಲು ಬಂದದ್ದು ಮಣ್ಣಿನ ಕೆಲಸ. ಬೇಸಿಗೆಯಲ್ಲಿ ಹೊಲದಲ್ಲಿ ಏನೂ ಇರುವುದಿಲ್ಲವಲ್ಲ, ಊರಿನ ಹೆಂಗಸರು ಗಂಡಸರು ಎಲ್ಲ ಬುಟ್ಟಿ ಸಲಿಕೆ ಹಿಡಿದು ಹೋದೆವು. ಆ ಕೆಲಸದ ಜೋಡಿ ಬಂದವನೇ ಓವರ್ಸಿಯರ್.

ಅಲ್ಲಿಯವರೆಗೆ ನಮಗೆ ಗೊತ್ತಿದ್ದ ಸರಕಾರದ ಮನುಷ್ಯರು ನಾಲ್ಕೇ ಮಂದಿ. ತಲಾಟಿ ಬಂದರೆ ಬಗಲಲ್ಲಿ ದಫ್ತರ ಇರುತ್ತಿತ್ತು, ಮಾಸ್ತರರ ಕೈಯಲ್ಲಿ ಬೆತ್ತ, ಪೋಸ್ಟಮನ್ನನ ಹೆಗಲಿಗೆ ಚೀಲ, ಪೊಲೀಸನ ಕೈಯಲ್ಲಿ ಲಾಠಿ. ಈ ಹೊಸಬ ಒಂದು ಕರಿ ಛತ್ರಿ ಬಿಟ್ಟು ಮತ್ತೇನನ್ನೂ ಹೊರುತ್ತಿರಲಿಲ್ಲ. ದಿಬ್ಬದ ಮೇಲೆ ಛತ್ರಿ ಬಿಚ್ಚಿ ನಿಂತರೆ ಹೊತ್ತು ಮುಳುಗುವವರೆಗೆ ನಿಂತೇ ಇರುತ್ತಿದ್ದ. ನಾವು ದಣಿದು ನಿಂತರೂ "ಹಾಂ, ನಡೀಲಿ" ಎನ್ನುತ್ತಿದ್ದ, ನಡೆಯುತ್ತಿದ್ದರೂ "ಹಾಂ, ನಡೀಲಿ" ಎನ್ನುತ್ತಿದ್ದ. ಕೆಟ್ಟ ಮನುಷ್ಯನಲ್ಲ. ಯಾರಿಗೂ ಬೈದವನಲ್ಲ. ಆದರೆ ತಲೆಯ ಮೇಲೆ ಮಣ್ಣಿನ ಬುಟ್ಟಿ ಇರುವವರಿಗೆ ನೆರಳಲ್ಲಿ ನಿಂತವನು ಒಳ್ಳೆಯವನಾಗಿ ಕಾಣುವುದು ಕಷ್ಟ.

ನಮ್ಮ ಬಾಯಿಗೆ ಓವರ್ಸಿಯರ್ ಎಂಬುದು ಹೊರಳಲಿಲ್ಲ. ಎರಡೇ ದಿನದಲ್ಲಿ ಅದನ್ನು ಓರಸೇರ ಮಾಡಿಕೊಂಡೆವು. ಆಗಿನ್ನೂ ಅದು ಬರೀ ಹೆಸರು, ಬೈಗುಳ ಆಗಿರಲಿಲ್ಲ.

ಬೈಗುಳ ಆದದ್ದು ನಮ್ಮ ಮಾಳಿಗೆಯ ಮೇಲೆ. ಮಳೆಗಾಲಕ್ಕೆ ಮುಂಚೆ ಮಣ್ಣಿನ ಮಾಳಿಗೆಗೆ ಹೊಸ ಮಣ್ಣು ಹಾಕಿ ತುಳಿಯಬೇಕು, ಇಲ್ಲದಿದ್ದರೆ ಮನೆಯೊಳಗೆ ಸೋರುತ್ತದೆ. ಒಂದು ದಿನ ಕಾಲುವೆಯ ಮಣ್ಣು ಹೊತ್ತು ಬಂದವಳು ಮತ್ತೆ ಮನೆಯ ಮಣ್ಣು ಹೊತ್ತು ನಿಚ್ಚಣಿಕೆ ಹತ್ತುತ್ತಿದ್ದೆ. ನಮ್ಮ ಯಜಮಾನರು ಕೆಳಗೆ ಅಂಗಳದಲ್ಲಿ ನಿಂತು, ಸೊಂಟದ ಮೇಲೆ ಕೈ ಇಟ್ಟುಕೊಂಡು, "ಆ ಮೂಲ್ಯಾಗ ಹಾಕು, ಅಲ್ಲಲ್ಲ, ಈ ಮೂಲ್ಯಾಗ" ಎನ್ನುತ್ತಿದ್ದರು. ನನಗೆ ಎಲ್ಲಿಂದ ಬಂತೋ ಗೊತ್ತಿಲ್ಲ, ಬುಟ್ಟಿ ಬೋರಲು ಹಾಕಿ ಕೂಗಿದೆ:

"ನಿಂತು ನೋಡಾಕ ನೀವೇನು ಓರಸೇರ ಏನ್ರಿ?"

ಆಚೆ ಮಾಳಿಗೆಯ ಮೇಲೆ ಬಾಜೂ ಮನೆಯಾಕೆ ತನ್ನ ಮಣ್ಣು ಹರಡುತ್ತಿದ್ದಳು. ಅವಳು ನಕ್ಕ ನಗು ಹೇಗಿತ್ತೆಂದರೆ, ಹೊಟ್ಟೆ ಹಿಡಿದುಕೊಂಡು ಹಸಿಮಣ್ಣಿನಲ್ಲೇ ಕೂತುಬಿಟ್ಟಳು. ಆ ದಿನ ಊರಿನ ಎಲ್ಲ ಮಾಳಿಗೆಗಳ ಮೇಲೂ ಹೆಂಗಸರಿದ್ದರು. ಎಲ್ಲ ಅಂಗಳಗಳಲ್ಲೂ ಗಂಡಂದಿರು ನಿಂತಿದ್ದರು. ಒಂದು ಮಾಳಿಗೆಯಿಂದ ಇನ್ನೊಂದಕ್ಕೆ ಮಾತು ಹಾರಿ, ಹೊತ್ತು ಇಳಿಯುವುದರೊಳಗೆ ಊರಬಾಗಿಲ ಅಗಸಿ ಮುಟ್ಟಿತು. ಮರುದಿನ ಬೆಳಿಗ್ಗೆ ಯಾವ ಗಂಡಸೂ ಸೊಂಟದ ಮೇಲೆ ಕೈ ಇಡಲಿಲ್ಲ.

ಆಮೇಲೆ ಆ ಶಬ್ದ ನನ್ನ ಕೈಯಲ್ಲಿ ಉಳಿಯಲಿಲ್ಲ. ಮೊದಲು ಕೆಲಸ ಮಾಡದೆ ನಿಂತು ನೋಡುವ ಗಂಡಸಿಗೆ ಅಂದರು. ಬಳಿಕ ಜೋಡಿ ಎತ್ತುಗಳಲ್ಲಿ ಹಗ್ಗ ಸಡಿಲ ಬಿಟ್ಟು, ಎಳೆಯುವುದನ್ನೆಲ್ಲ ಇನ್ನೊಂದಕ್ಕೆ ಬಿಡುವ ಎತ್ತಿಗೆ ಅಂದರು. ನಮ್ಮ ಬಿಳಿ ಎತ್ತಿಗೇ ಆ ಹೆಸರು ಬಂತು. ಹೊಲದ ಬೆದರುಗೊಂಬೆಗೆ ಬಂತು. ಇಲಿ ಹಿಡಿಯದ ಬೆಕ್ಕಿಗೆ, ಮೊಟ್ಟೆ ಇಡದೆ ಕೇರಿ ಸುತ್ತುವ ಕೋಳಿಗೆ, ಮದುವೆ ಮನೆಗೆ ಬಂದು ಚಪ್ಪರದ ಕಂಬಕ್ಕೆ ಒರಗಿ "ಇನ್ನಷ್ಟು ಸಾರು ತರ್ರಿ" ಎನ್ನುವ ದೂರದ ಮಾವನಿಗೆ. ಗೌಡಕಿ, ಮಾಸ್ತರಕಿ ಇದ್ದ ಹಾಗೆ ಓರಸೇರಕಿ ಎಂಬ ಮಾತೂ ಹುಟ್ಟಿತು. ಅತ್ತೆ ಸೊಸೆಗೆ, "ಒಲಿ ಮುಂದ ಕುಂತು ಓರಸೇರಕಿ ಮಾಡಬ್ಯಾಡ, ಹಿಟ್ಟು ನಾದು" ಎನ್ನುವಳು. ಸೊಸೆ ಒಳಗೊಳಗೇ ಅದನ್ನೇ ಅತ್ತೆಗೆ ಹೇಳಿಕೊಳ್ಳುವಳು.

ಒಮ್ಮೆ ಒಬ್ಬ ತಂದೆ ಹಿರಿಯರ ಕಟ್ಟೆಗೇ ದೂರು ತಂದ. ತನ್ನ ಮಗನಿಗೆ ಯಾರೋ ನಡುಬೀದಿಯಲ್ಲಿ ಓರಸೇರ ಅಂದರಂತೆ, ಅಂದವನು ತಪ್ಪು ಒಪ್ಪಿಕೊಳ್ಳಬೇಕಂತೆ.

"ನಿನ್ನ ಮಗ ಆವಾಗ ಏನ್ ಮಾಡಾಕತ್ತಿದ್ದ?" ಎಂದು ಕೇಳಿದರು ಹಿರಿಯರು.

"ಏನೂ ಮಾಡಾಕತ್ತಿರಲಿಲ್ರಿ, ಪಾಪ! ಸುಮ್ಮ ನಿಂತಿದ್ದ."

"ಅದನ್ನ ಅಂದಾನಲ್ಲೋ ಮಾರಾಯಾ ಅಂವ!"

ನ್ಯಾಯ ಅಲ್ಲಿಗೆ ಮುಗಿಯಿತು.

ಒಂದು ಮಾತು ನಾನು ಒಪ್ಪಿಕೊಳ್ಳಬೇಕು. ಆ ಛತ್ರಿಯ ಓವರ್ಸಿಯರಿಗೆ ಒಮ್ಮೆ ಜ್ವರ ಬಂದು ಎಂಟು ದಿನ ಬರಲಿಲ್ಲ. ನೋಡುವವನಿಲ್ಲ ಎಂದು ನಾವು ಹುರುಪಿನಿಂದ ಎರಡರಷ್ಟು ಮಣ್ಣು ಹಾಕಿದೆವು, ಏರಿ ಎದೆಮಟ್ಟ ಎದ್ದಿತು. ಅವನು ತಿರುಗಿ ಬಂದು ಗುರುತಿನ ಗೂಟ ನೋಡಿದ, ಹಗ್ಗ ಹಿಡಿದ, ತಲೆ ಕೆರೆದುಕೊಂಡ. ಏರಿ ಗೂಟದ ಈ ಕಡೆ ಇರಬೇಕಾದದ್ದು ಆ ಕಡೆ ಎದ್ದಿತ್ತು. ಹಾಕಿದ ಮಣ್ಣನ್ನೆಲ್ಲ ಮತ್ತೆ ಬುಟ್ಟಿಗೆ ತುಂಬಿ ತಲೆಯ ಮೇಲೆ ಹೊತ್ತು ಈ ಕಡೆ ತಂದೆವು. ಅವನು ಆಗಲೂ ಬೈಯಲಿಲ್ಲ. ಛತ್ರಿ ಬಿಚ್ಚಿ "ಹಾಂ, ನಡೀಲಿ" ಎಂದ ಅಷ್ಟೆ. ನಿಂತು ನೋಡುವುದೂ ಒಂದು ಕೆಲಸ ಎಂದು ನಮಗೆಲ್ಲ ಅವತ್ತೇ ಗೊತ್ತಾಯಿತು. ಆದರೆ ಶಬ್ದ ಆಗಲೇ ಊರು ದಾಟಿ ಹೋಗಿತ್ತು, ಅದನ್ನು ಬುಟ್ಟಿಯಲ್ಲಿ ತುಂಬಿ ತರುವುದು ಹೇಗೆ?

ಕಾಲುವೆ ಮುಗಿಯಿತು, ಓವರ್ಸಿಯರ್ ಬೇರೆ ಕಡೆ ಹೋದ. ನೀರು ಬಂತು, ಹೈಬ್ರಿಡ್ ಹತ್ತಿ ಬಂತು. ನನ್ನ ಮಗಳು ಮದುವೆಯ ವಯಸ್ಸಿಗೆ ಬಂದಳು. ಒಂದು ದಿನ ಅಣ್ಣಿಗೇರಿಯಲ್ಲಿರುವ ನಮ್ಮ ಭಾವ, ಅಂದರೆ ಯಜಮಾನರ ಅಣ್ಣ, ಹುಡುಗನ ಸುದ್ದಿ ತೆಗೆದುಕೊಂಡು ಬಂದರು.

"ದೇವಿಕೊಪ್ಪದ ಮಂದಿ. ಹುಡುಗ ಅಗದಿ ಸಾದಾ. ಚಾ ಬಿಟ್ಟರ ಬ್ಯಾರೆ ಚಟಾ ಇಲ್ಲ. ಸರಕಾರಿ ನೌಕರಿ."

"ಏನ್ ನೌಕರಿ ಅಣ್ಣಾ?" ಎಂದರು ನಮ್ಮವರು.

"ಓವರ್ಸಿಯರ್."

ಅಡುಗೆಮನೆಯಿಂದ ಚಹಾ ತರುತ್ತಿದ್ದ ಮಗಳು ಬಾಗಿಲಲ್ಲೇ ಫಕ್ಕನೆ ನಕ್ಕು ಅರ್ಧ ಚಹಾ ನೆಲಕ್ಕೆ ಚೆಲ್ಲಿದಳು. ನಮ್ಮವರಿಗೆ ಕೆಮ್ಮು ಹತ್ತಿತು. ನಾನು ಸೆರಗಿನಿಂದ ಬಾಯಿ ಮುಚ್ಚಿಕೊಂಡೆ. ಭಾವನವರು ಮೂವರ ಮುಖವನ್ನೂ ನೋಡಿ, "ಯಾಕ, ಏನಾತು? ನಾ ಅನಬಾರದ್ದು ಏನರೆ ಅಂದೆನೇನು?" ಎಂದರು. ಪಾಪ, ಅಣ್ಣಿಗೇರಿಯಲ್ಲಿ ಓವರ್ಸಿಯರ್ ಇನ್ನೂ ಓವರ್ಸಿಯರನೇ ಆಗಿದ್ದ.

ಹುಡುಗ ನೋಡಲು ಬಂದ. ಟೆರಿಲೀನ್ ಅಂಗಿ, ಕೈಯಲ್ಲಿ ಗಡಿಯಾರ, ನೆಲ ನೋಡಿ ಮಾತಾಡುವವನು. ಮಗಳಿಗೆ ಒಂದೇ ಪ್ರಶ್ನೆ ಕೇಳಿದ: "ಕಾಲುವಿ ನೀರು ನಿಮ್ಮ ಹೊಲಕ್ಕ ಏರತೈತೇನ್ರಿ?" ಅವಳು "ಮ್ಯಾಲಿನ ಪಟ್ಟಿಗೆ ಏರುದಿಲ್ರಿ" ಎಂದಳು. ಅವನು ಹೋದ ಮೇಲೆ ನಾನು, ಓರಸೇರನನ್ನು ಮಾಡಿಕೊಂಡರೆ ಊರು ನಗುತ್ತದೆ, ವಿಚಾರ ಮಾಡು ಎಂದೆ.

"ಇದಕ್ಕ ಮೊದಲ ಮೂರು ಮಂದಿ ನೋಡಾಕ ಬಂದಿದ್ರು ಯವ್ವಾ. ಎಲ್ಲಾರೂ ಅಡಿಗಿ ಬರತೈತೇನು ಅಂತ ಕೇಳಿದ್ರು. ಹೊಲದ ಮಾತು ಕೇಳಿದವರು ಇವರೊಬ್ಬರ. ಊರು ನಕ್ಕರ ನಗಲಿ, ನಗಿಸಿದಾಕಿ ನೀನ ಅಲ್ಲೇನು?" ಎಂದಳು.

ಮಾತಿನಲ್ಲಿ ಅವಳು ನನ್ನ ಮಗಳೇ. ವೈಶಾಖದಲ್ಲಿ ಮದುವೆ ಆಯಿತು. ಊರಿಗೆ ಮಾತ್ರ "ಅಳಿಯಂದಿರು ನೀರಾವರಿ ಸಾಹೇಬರು" ಎಂದು ಹೇಳಿದೆವು. ಎಂಟು ತಿಂಗಳು ಅದು ನಡೆಯಿತು.

ಸಂಕ್ರಾಂತಿಗೆ ಅಳಿಯನನ್ನು ಕರೆದೆವು. ಮರುದಿನ ಹತ್ತಿ ಬಿಡಿಸುವುದಿತ್ತು. ಕೆಲಸಕ್ಕೆ ಕೆಲಸ ಎಂದು ಮುಯ್ಯಿಗೆ ಬಂದ ಹತ್ತು ಹೆಂಗಸರು ಸಾಲು ಹಿಡಿದಿದ್ದರು. ಹೊಲ ನೋಡಬೇಕೆಂದು ಬಂದ ಅಳಿಯ ನನ್ನ ಹತ್ತಿರ ಬಂದು, "ನನಗೂ ಒಂದು ಚೀಲಾ ಕೊಡ್ರಿ ಅತ್ತಿ, ನಾನೂ ಒಂದು ಸಾಲು ಹಿಡೀತೀನಿ" ಎಂದ.

"ಅಯ್ಯ ಶಿವನ! ಅಳಿಯಂದ್ರ ಕೈಲೆ ಕೆಲಸಾ? ಮಂದಿ ಏನಂದಾರು? ನೀವು ಸುಮ್ಮ ನಿಂದರ್ರಿ."

ನಮ್ಮಲ್ಲಿ ಅಳಿಯ ಮಾವನ ಮನೆಯಲ್ಲಿ ಕಾಲು ತೊಳೆಯುವ ತಂಬಿಗೆಯನ್ನೂ ತಾನು ಎತ್ತಿಕೊಳ್ಳುವಂತಿಲ್ಲ. ಎತ್ತಿದರೆ ಮನೆಯವರ ಮರ್ಯಾದೆ ಹೋಯಿತು. ಅವನು ಎರಡು ಸಲ ಕೇಳಿದ, ನಾನು ಎರಡು ಸಲವೂ ಚೀಲ ಕಸಿದುಕೊಂಡೆ. ಬದುವಿನ ಮೇಲೆ ನಿಲ್ಲಿಸಿದೆ. ಬಿಸಿಲು ಏರುತ್ತಿತ್ತು, ಅಳಿಯನ ತಲೆ ಸುಡಬಾರದೆಂದು ಗಾಡಿಯಲ್ಲಿದ್ದ ಛತ್ರಿ ತಂದು ನನ್ನ ಕೈಯಾರೆ ಬಿಚ್ಚಿ ಕೊಟ್ಟೆ. ಆಗಲೂ ನನಗೆ ಹೊಳೆಯಲಿಲ್ಲ ನೋಡಿ!

ಸಾಲಿನ ಕೊನೆಗೆ ಬಂದ ಬಾಜೂ ಮನೆಯಾಕೆ ಸೊಂಟ ನೆಟ್ಟಗೆ ಮಾಡಿಕೊಂಡು ತಲೆ ಎತ್ತಿದಳು. "ಅಯ್ಯ ಯವ್ವಾ, ನಿಮ್ಮ ಹೊಲಕ್ಕ ಓರಸೇರ ಬಂದು ನಿಂತಾನಲ್ಲಬೇ!"

ಹೆಂಗಸರೆಲ್ಲ ಗೊಳ್ಳೆಂದರು. ಅಳಿಯ ಛತ್ರಿ ಒಂದು ಕಡೆ ವಾಲಿಸಿ, ಖುಷಿಯಿಂದ, "ಹೌದ್ರಿ ಅಕ್ಕಾರ! ನಿಮಗ ಹೆಂಗ ಗೊತ್ತಾತು?" ಎಂದ.

ಹೆಂಗಸರು ಒಬ್ಬರ ಮುಖ ಒಬ್ಬರು ನೋಡಿದರು. ಆಮೇಲೆ ಎದ್ದ ನಗುವಿಗೆ ಆಚೆ ಹೊಲದ ಎತ್ತು ಬೆದರಿತು. ಒಬ್ಬಳು ಸಾಲಿನಲ್ಲೇ ಕೂತಳು, ಇನ್ನೊಬ್ಬಳ ಚೀಲದ ಹತ್ತಿಯೆಲ್ಲ ನೆಲಕ್ಕೆ ಚೆಲ್ಲಿತು. ಅಳಿಯ ಮಾತ್ರ ಎಲ್ಲರನ್ನೂ ಒಬ್ಬೊಬ್ಬರಾಗಿ ನೋಡಿ ಛತ್ರಿ ಮಡಚಿದ.

ಮನೆಗೆ ಬರುವ ದಾರಿಯಲ್ಲಿ ಅವನು ಮಗಳನ್ನು ಕೇಳಿದ. ಇವಳು ಮುಚ್ಚಿಡುವವಳೇ? ಮಾಳಿಗೆ, ಎತ್ತು, ಬೆದರುಗೊಂಬೆ, ಹಿರಿಯರ ಕಟ್ಟೆಯ ನ್ಯಾಯ, ಎಲ್ಲವನ್ನೂ ನಗುನಗುತ್ತ ಹೇಳಿದಳು. ಅವನು ಕೊನೆಗೆ ಒಂದೇ ಕೇಳಿದನಂತೆ: "ಮೊದಲ ಅಂದವರು ಯಾರು?"

"ನಮ್ಮವ್ವ."

ಸಂಜೆ ತಾಟು ಹಾಕಿದೆವು. ಅಳಿಯ ಕೈತೊಳೆದು ಕೂತ. ರೊಟ್ಟಿ ಮುರಿಯುವ ಮುಂಚೆ ಕೈ ಜೋಡಿಸಿದ.

"ಅತ್ತಿ, ನಾ ಬಂದು ಎರಡು ದಿನಾ ಆತು. ಕುಂತೀನಿ, ನಿಂತೀನಿ, ಉಂಡೀನಿ. ನನ್ನ ಕೈಲೆ ಏನರೆ ಒಂದು ಕೆಲಸಾ ಮಾಡಸರಿ. ಆಮ್ಯಾಲೆ ಉಣತೀನಿ."

"ಅದು ಹೆಂಗ ಆಕ್ಕೈತ್ರಿ? ಅಳಿಯಂದ್ರ ಕೈಲೆ..."

"ಹಂಗಾರ ಊಟಾನೂ ಬ್ಯಾಡ್ರಿ. ಸಿಟ್ಟಿಲ್ರಿ ನನಗ. ನೀವು ತಪ್ಪು ಅಂದಿಲ್ಲ, ನಾ ನಿಂತದ್ದು ಖರೇನ."

ನಾನು ಕೈ ಮುಗಿದೆ, ನನ್ನ ಬಾಯಿಗೆ ನಾನೇ ಹೊಡೆದುಕೊಂಡೆ. ಅವನು ನಗುತ್ತಲೇ ನನ್ನ ಕೈ ಹಿಡಿದು ತಡೆದ. ಆದರೆ ತಾಟು ಮುಟ್ಟಲಿಲ್ಲ. ಸಿಟ್ಟು ಮಾಡಿಕೊಂಡವನನ್ನು ರಮಿಸಬಹುದು. ಸಿಟ್ಟೇ ಇಲ್ಲದವನನ್ನು ಏನು ಮಾಡುವುದು?

ಯುಗಾದಿಗೆ ಬಂದ, ಬಗಲಲ್ಲಿ ಬಟ್ಟೆಯ ಗಂಟು. ಎಲ್ಲರನ್ನೂ ಮಾತಾಡಿಸಿದ, ಮಾವನ ಜೋಡಿ ಹೊಲಕ್ಕೆ ಹೋಗಿ ಬಂದ, ಊಟದ ಹೊತ್ತಿಗೆ ಗಂಟು ಹಿಡಿದು ಹನುಮಪ್ಪನ ಗುಡಿಯ ಕಟ್ಟೆಗೆ ಹೋಗಿ ಬಿಚ್ಚಿದ. ರೊಟ್ಟಿ, ಶೇಂಗಾ ಚಟ್ನಿ, ಒಂದು ಉಳ್ಳಾಗಡ್ಡಿ. ಪಂಚಮಿಗೂ ಅದೇ. ಅವನ ತಾಯಿಯ ಕೈಯ ಚಟ್ನಿ ಭಾರಿ ರುಚಿಯಂತೆ. ಕಟ್ಟೆಯ ಮೇಲಿನ ಮುದುಕರು ಅವನ ಬಸ್ಸಿನ ಹಾದಿ ಕಾಯತೊಡಗಿದರು. "ಅಳಿಯಂದ್ರ, ನಮಗೂ ಒಂದು ತುಣುಕು ಮುರೀರಿ" ಎಂದು ಅಂಗೈ ಚಾಚುವವರು.

ನಮ್ಮ ಯಜಮಾನರು ಉಪಾಯ ಹುಡುಕಿದರು. ಗೋಡೆಯ ಗಡಿಯಾರ ತೋರಿಸಿ, "ಇದಕ್ಕೊಂದು ಕೀಲಿ ಕೊಡ್ರಿ ಅಳಿಯಂದ್ರ, ಕೆಲಸಾ ಮಾಡಿದಂಗ ಆತು" ಎಂದರು. ಅವನು ಕೀಲಿ ಕೊಟ್ಟ, ಆಮೇಲೆ ಗಂಟು ಕೈಗೆ ತೆಗೆದುಕೊಂಡು, "ಇದು ಕೆಲಸಾ ಅಲ್ರಿ ಮಾವಾರ, ನೀವು ನನ್ನ ಮನಸ್ಸು ಹಿಡಿಯೂದು" ಎಂದು ಕಟ್ಟೆಗೆ ಹೋದ. ನಾನು ಒಮ್ಮೆ ತಂಬಿಗೆ ಎತ್ತಿ ಆ ಕಡೆ ಇಡಲು ಹೇಳಿದೆ. ಇಟ್ಟ. ಹೋದ.

ಇಷ್ಟಾದ ಮೇಲೆ ಆ ಹಾಳು ಶಬ್ದಕ್ಕೆ ಹೊಸ ಚಿಗುರು ಒಡೆಯಿತು. ನೆಂಟರ ಮನೆಗೆ ಹೋಗುವಾಗ, ಅಲ್ಲಿ ಊಟ ಸರಿ ಇರುವುದಿಲ್ಲ ಎಂದು ಯಾರಾದರೂ ರೊಟ್ಟಿ ಕಟ್ಟಿಕೊಂಡರೆ ಅದಕ್ಕೆ "ಓರಸೇರ ಬುತ್ತಿ" ಎಂದರು. ಯಾರ ಮನೆಯ ಸಾರು ಸಪ್ಪೆಯೋ ಅವರಿಗೆ "ನಿಮ್ಮ ಮನಿಗೆ ಓರಸೇರ ಬುತ್ತಿ ತರಬೇಕು ನೋಡು" ಎಂದರು. ಮೊದಲು ಆ ಶಬ್ದ ಗಂಡಂದಿರ ಬೆನ್ನಿಗೆ ಬೀಳುತ್ತಿತ್ತು, ಈಗ ನನ್ನ ಒಲೆಯ ಮೇಲೆ ಬಿತ್ತು. ಬಸುರಿ ಮಗಳ ಕುಬುಸದ ದಿನ ನೂರು ಮಂದಿ ಉಂಡು ಹೊಗಳಿ ಹೋದರು. ಮರುದಿನ ಬಾವಿಯ ಹತ್ತಿರ ಒಬ್ಬಳು ಎಲ್ಲರ ಮುಂದೆ ಕೇಳಿದಳು:

"ಹೂರಣದಾಗ ಏನ್ ಹಾಕಿದ್ದೀಬೇ, ಅಳಿಯ ಓಡಿ ಹೋಗಿ ಗುಡಿ ಕಟ್ಟಿಮ್ಯಾಲೆ ಕುಂತು ಒಣಾ ರೊಟ್ಟಿ ತಿಂದ?"

ನನ್ನ ಕೊಡ ಅರ್ಧ ತುಂಬಿತ್ತು, ಹಾಗೇ ಎತ್ತಿಕೊಂಡು ಬಂದೆ. ಉತ್ತರ ಕೊಡದೆ ಬಾವಿಯಿಂದ ಬಂದದ್ದು ನನ್ನ ಜನ್ಮದಲ್ಲಿ ಅದೇ ಮೊದಲು.

ಕಾರ್ತಿಕದಲ್ಲಿ ಮಗಳು ಹಡೆದಳು. ಕೂಸಿನ ಮುಖ ನೋಡಿ ನನಗೆ ಜಗತ್ತೇ ಮರೆಯಿತು. ಆದರೆ ತೊಟ್ಟಿಲ ದಿನ ಹತ್ತಿರ ಬಂದ ಹಾಗೆ ಮತ್ತೆ ಅದೇ ಚಿಂತೆ ಹತ್ತಿತು. ಕಲಘಟಗಿಯ ಬಣ್ಣದ ತೊಟ್ಟಿಲು ತರಿಸಿದೆವು, ಎಲ್ಲ ತಯಾರಿ ಆಯಿತು. ಕೂಸಿನ ಅಪ್ಪನೇ ಗುಡಿಕಟ್ಟೆಯ ಮೇಲೆ ಕೂತರೆ ಈ ಸಿಹಿ ಯಾರ ಗಂಟಲಿಗೆ ಇಳಿಯುತ್ತದೆ?

ನಿನ್ನೆ ಬೆಳಗಿನ ಬಸ್ಸು ಬಂತು. ದೇವಿಕೊಪ್ಪದಿಂದ ಹತ್ತು ಮಂದಿ ಬರುತ್ತಾರೆ ಎಂದುಕೊಂಡಿದ್ದೆವು, ಇಪ್ಪತ್ತಾರು ಮಂದಿ ಇಳಿದರು. ಎಲ್ಲರಿಗಿಂತ ಹಿಂದೆ ಅಳಿಯ, ಬಗಲಲ್ಲಿ ಗಂಟು. ನೆರೆಮನೆಯ ಮಾಳಿಗೆಯಿಂದ ಕೂಗು ಬಂತು: "ಬುತ್ತಿ ಬಂತು ನೋಡಬೇ!"

ಬಂದ ಮಂದಿಗೆ ಸಾಲದೆಂದು ಮತ್ತೆ ಬೇಳೆ ಬೇಯಿಸಲು ಇಟ್ಟೆ. ಮಗನ ಹೆಂಡತಿ, ನನ್ನ ಸೊಸೆ, ಒಬ್ಬಳೇ ಒಲೆಯ ಮುಂದೆ ಬೆವರುತ್ತಿದ್ದಳು. ಕೂಸು ನೋಡಲು ಒಳಗೆ ಹೋದರೆ ಬಾಣಂತಿ ಮಗಳು ಗೋಡೆಗೆ ಮುಖ ಮಾಡಿ ಮಲಗಿದ್ದಳು.

"ಯವ್ವಾ, ಇವತ್ತ ಅವರು ಇಲ್ಲೆ ಉಣ್ಣಲಿಲ್ಲಂದ್ರ ನಾನೂ ಉಣ್ಣುದಿಲ್ಲ. ಹೇಳೀನಿ."

"ಹಸಗೂಸಿನ ತಾಯಿ ನೀನು! ಹಾಲು ಎಲ್ಲಿ ಬರತಾವ?"

"ಅದನ್ನ ನಿನ್ನ ಮರ್ಯಾದಿಗೆ ಕೇಳು."

ನಾನು ಹಿತ್ತಲಿಗೆ ಬಂದೆ. ಬೆಂದ ಬೇಳೆ, ಬೆಲ್ಲ ಕೂಡಿಸಿದ್ದು, ಒಂದು ದೊಡ್ಡ ಬೋಗುಣಿ ತುಂಬ ರುಬ್ಬುವ ಕಲ್ಲಿನ ಬಾಜೂಕ್ಕೆ ಇತ್ತು. ನನ್ನ ಬಲಭುಜ ಎರಡು ದಿನದಿಂದ ಮೇಲೇಳುತ್ತಿರಲಿಲ್ಲ. ಹಿತ್ತಲ ಬಾಗಿಲಿನಿಂದ ಅಳಿಯ ಗಂಟು ಹಿಡಿದು ಹೊರಡುತ್ತಿದ್ದ. ಸುತ್ತ ಅವನ ಕಡೆಯ ಹೆಂಗಸರು, ನಮ್ಮ ಕಡೆಯ ಹೆಂಗಸರು, ಎಲ್ಲರೂ ಇದ್ದರು. ಎಲ್ಲರೂ ನೋಡುತ್ತಿರುವಾಗ ಈ ಕೆಲಸ ಹೇಳಿದರೆ ಊರಲ್ಲಿ ನನ್ನ ಗತಿ ಏನು ಎಂದು ಒಂದು ಕ್ಷಣ ಎನಿಸಿತು. ಆಮೇಲೆ ಮಗಳ ಬೆನ್ನು ಕಣ್ಣಮುಂದೆ ಬಂತು.

"ಅಳಿಯಂದ್ರ, ಎಲ್ಲಿ ಹೊಂಟ್ರಿ? ಆ ಗಂಟು ಅಲ್ಲೆ ಇಡ್ರಿ. ಅಂಗೀ ತೋಳು ಮ್ಯಾಲೆ ಏರಸರಿ. ಹೂರಣಾ ರುಬ್ಬಬೇಕು."

ಅಳಿಯನ ಅಕ್ಕ, "ಅಯ್ಯ, ಏನಂತ ಹೇಳಾಕತ್ತೀರಿ? ಕೂಸಿನ ಅಪ್ಪಗ ಒಳ್ಳಿನ ಮುಂದ ಕುಂದರಸ್ತೀರೇನ್ರಿ?" ಎಂದಳು. ನಾನು ಅವಳನ್ನು ನೋಡಲಿಲ್ಲ, ಅಳಿಯನನ್ನೇ ನೋಡಿದೆ. ಅವನು ಮೊದಲು ನಂಬಲಿಲ್ಲ. ಆಮೇಲೆ ಗಂಟನ್ನು ಗೂಟಕ್ಕೆ ಸಿಕ್ಕಿಸಿದ, ಕೈಗಡಿಯಾರ ಬಿಚ್ಚಿ ನನ್ನ ಅಂಗೈಯಲ್ಲಿ ಇಟ್ಟ, ಕೈಕಾಲು ತೊಳೆದು ಬಂದು ಕಲ್ಲಿನ ಮುಂದೆ ಚಕ್ಕಳಬಕ್ಕಳ ಹಾಕಿ ಕೂತ.

ಜನ್ಮದಲ್ಲಿ ರುಬ್ಬುವ ಗುಂಡು ಹಿಡಿದವನಲ್ಲ. ಮೊದಲ ಸುತ್ತಿಗೇ ಹೂರಣ ಹಾರಿ ಗೋಡೆಗೆ ಬಡಿಯಿತು. ಎರಡನೇ ಸುತ್ತಿಗೆ ಟೆರಿಲೀನ್ ಅಂಗಿಗೆ. ನಾನು ಬಾಗಿ ಬಾಗಿ ಹೇಳತೊಡಗಿದೆ: "ಅಷ್ಟು ಜೋರ ಬ್ಯಾಡ್ರಿ. ಅಂಚಿಂದು ನಡುವಕ್ಕ ತಳ್ರಿ. ಬೆರಳು ಜ್ವಾಕಿ! ಅಲ್ಲಿ ಬ್ಯಾಳಿ ಉಳೀತು ನೋಡ್ರಿ, ಈ ಕಡೆ, ಈ ಕಡೆ." ನಿಂತು ನಿಂತು ನನ್ನ ಸೊಂಟ ಹಿಡಿಯಿತು, ಗಂಟಲು ಒಣಗಿತು. ರುಬ್ಬಿದ್ದರೂ ಇಷ್ಟು ದಣಿಯುತ್ತಿರಲಿಲ್ಲ.

ಅಳಿಯ ಹಣೆಯ ಬೆವರನ್ನು ಮೊಣಕೈಯಿಂದ ಒರೆಸಿಕೊಂಡು, ಏದುಸಿರಿನಲ್ಲಿ, ಬಹಳ ಮರ್ಯಾದೆಯಿಂದ ಹೇಳಿದ: "ನೀವೂ ಒಂಚೂರು ಕುಂದರ್ರಿ ಅತ್ತಿ. ಭಾಳ ಹೊತ್ತಾತು ನಿಂತು, ಕಾಲು ನೋಯಾಕತ್ತಿರಬೇಕು."

ಎಲ್ಲರಿಗಿಂತ ಮೊದಲು ನಕ್ಕವರು ನಮ್ಮ ಯಜಮಾನರು. ದನದ ಕೊಟ್ಟಿಗೆಯ ಬಾಗಿಲಲ್ಲಿ ನಿಂತವರು ನಕ್ಕು ನಕ್ಕು ಹಗ್ಗ ಹಿಡಿದು ಕೆಳಗೆ ಕೂತರು. ಅಳಿಯನ ಅಕ್ಕನೂ ನಕ್ಕಳು. ಒಳಗಿನಿಂದ ಬಾಣಂತಿಯ ನಗು ಕೇಳಿತು. ಕೂಸು ಎದ್ದು ಅತ್ತಿತು. ನಾನು ಅಲ್ಲೇ ಕಟ್ಟೆಯ ಮೇಲೆ ಕೂತುಕೊಂಡೆ. ನನಗೆ ನಗುವೋ ಅಳುವೋ ಗೊತ್ತಾಗಲಿಲ್ಲ, ಎರಡೂ ಬಂದವು.

ಬೋಗುಣಿ ಮುಗಿಯುವವರೆಗೆ ಅವನು ಏಳಲಿಲ್ಲ. ಮಂದಿಗೆಲ್ಲ ಬಡಿಸುವುದಕ್ಕೂ ತಾನೇ ನಿಂತ. ನಾನು ಬೇಡ ಎನ್ನಲಿಲ್ಲ. ಮಧ್ಯಾಹ್ನ ಕೂಸನ್ನು ತೊಟ್ಟಿಲಿಗೆ ಹಾಕಿದೆವು. ಸೋದರತ್ತೆ ಬಾಗಿ ಕೂಸಿನ ಕಿವಿಯಲ್ಲಿ ಹೆಸರು ಊದುವಾಗ ಹೆಂಗಸರು ಪದ್ಧತಿಯಂತೆ ಅವಳ ಬೆನ್ನಿಗೆ ಗುದ್ದಿದರು. ಬಾಜೂ ಮನೆಯಾಕೆ ಒಂದು ಗುದ್ದು ಹೆಚ್ಚೇ ಹಾಕಿದಳು. ಹೆಸರು ಇಲ್ಲಿ ಬರೆಯುವುದಿಲ್ಲ, ದೃಷ್ಟಿ ಆದೀತು. ಬಲು ಚಂದದ ಹೆಸರು.

ಸಂಜೆಯ ಬಸ್ಸಿಗೆ ಬೀಗರೆಲ್ಲ ಹೋದರು. ಉಳಿದವರು ನಾವೇ: ಯಜಮಾನರು, ಮಗ, ಸೊಸೆ, ಮಗಳು, ಅಳಿಯ, ನಾನು. ಗಂಡಸರು ಮೊದಲು, ಹೆಂಗಸರು ಆಮೇಲೆ ಎಂಬುದು ನಮ್ಮ ಮನೆಯ ರೂಢಿ. ನಿನ್ನೆ ಅಳಿಯ, "ಎಲ್ಲಾರೂ ಕೂಡೇ ಕುಂದರೂಣ್ರಿ ಅತ್ತಿ" ಎಂದ. ಪಡಸಾಲೆಯಲ್ಲಿ ಒಂದೇ ಸಾಲಿಗೆ ತಾಟು ಹಾಕಿದೆ. ಮಗಳು ಬಾಣಂತಿಕೋಣೆಯ ಹೊಸ್ತಿಲ ಒಳಗೆ ತನ್ನ ಬಿಸಿ ಅನ್ನ, ತುಪ್ಪದ ತಾಟು ಇಟ್ಟುಕೊಂಡು, ಕೂಸನ್ನು ತೊಡೆಯ ಮೇಲೆ ಹಾಕಿಕೊಂಡು ಕೂತಳು. ನಮ್ಮವರು ಗೂಟದ ಮೇಲಿನ ಗಂಟು ಇಳಿಸಿ ಬಿಚ್ಚಿ, "ಹತ್ತು ತಿಂಗಳಾತು, ಈ ಚಟ್ನಿ ಬರೇ ವಾಸನೀ ನೋಡೀನಿ" ಎಂದು ರೊಟ್ಟಿ ಮುರಿದರು.

ನಾನು ಅಳಿಯನ ತಾಟಿಗೆ ಹೋಳಿಗೆ ಹಾಕಿ ತುಪ್ಪ ಸುರಿದೆ. ಅವನು ಮುರಿದ, ಬಾಯಿಗಿಟ್ಟ, ಅಗಿದ. ನಾವೆಲ್ಲ ಉಣ್ಣುವುದು ಬಿಟ್ಟು ಅವನ ಗಂಟಲನ್ನೇ ನೋಡುತ್ತಿದ್ದೆವು. ತುತ್ತು ಕೆಳಗಿಳಿಯಿತು.

"ಹೂರಣಾ ಹೆಂಗ ಆಗೈತ್ರಿ ಅತ್ತಿ?"

ನನ್ನ ಬಾಯಿ ಸುಮ್ಮನಿರುವುದು ಕಲಿತಿಲ್ಲ. "ಬ್ಯಾಳಿ ಇಡೀ ಇಡೀ ಉಳದಾವ್ರಿ" ಎಂದೆ.

ಅಳಿಯ ಬಾಯಿತುಂಬ ಹೋಳಿಗೆ ಇಟ್ಟುಕೊಂಡೇ ನಕ್ಕ, ತಾಟು ಮುಂದೆ ಚಾಚಿ, "ಹಂಗಾರ ಇನ್ನೊಂದು ಹಾಕ್ರಿ, ಅಗದು ತಿಂತೀನಿ" ಎಂದ. ಹಾಕಿದೆ. ಮತ್ತೊಂದು ಹಾಕಿದೆ. ಸೊಸೆ ನನ್ನ ಸೆರಗು ಹಿಡಿದು ಎಳೆದು ತನ್ನ ಬಾಜೂಕ್ಕೆ ಕೂಡಿಸಿ ನನ್ನ ತಾಟಿಗೂ ಎರಡು ಹಾಕಿದಳು. ಹೊಸ್ತಿಲ ಒಳಗಿನಿಂದ ಮಗಳು "ನನಗ ಇನ್ನಷ್ಟು ಅನ್ನಾ" ಎಂದು ತಾಟು ಚಾಚಿದಳು. ಕೂಸು ಅವಳ ತೊಡೆಯ ಮೇಲೆ ಮುಷ್ಟಿ ಬಿಗಿದು ನಿದ್ದೆ ಹೋಗಿತ್ತು. ಐವರು ಕಚಕಚ ಬೇಳೆ ಅಗಿಯುತ್ತ, ಮಗಳು ಬಿಸಿ ಅನ್ನ ಕಲಸುತ್ತ, ನಾವು ಆರೂ ಮಂದಿ ತುಪ್ಪ ಖರ್ಚಾಗುವವರೆಗೆ ಉಂಡೆವು.